ಕೂಗಲಾರದವರ ಬೆಟ್ಟ

ಪಿಸುಮಾತಿನಲ್ಲಿ ಯಾರಾದರೂ ಬೆಟ್ಟ ಹತ್ತುತ್ತಾರೆಯೇ? ನೀವೇ ಹೇಳಿ. ಸಣ್ಣಪುಟ್ಟ ಗುಡ್ಡವಲ್ಲ. ಮೋಡ ಕೂಡ ಅರ್ಧಕ್ಕೇ ಸುಸ್ತಾಗಿ ನಿಲ್ಲುವಂಥ, ಇಲ್ಲಿಯವರೆಗೆ ಒಂದು ನರಪಿಳ್ಳೆಯೂ ನೆತ್ತಿಗೆ ಕಾಲಿಡದ ಬೆಟ್ಟ. ಅದನ್ನು ಮೊಟ್ಟಮೊದಲು ಹತ್ತುವವರು ನಾವೇ ಎಂದು ನಮ್ಮೂರಿನವರು ಎದೆ ಸೆಟೆಸಿ ಹೊರಟರಲ್ಲ, ಅವರ ಕಮಿಟಿಯಲ್ಲಿ ಒಬ್ಬನಿಗಾದರೂ ಜೋರಾಗಿ ‘ಓ’ ಎನ್ನಲು ಬರುತ್ತಿರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮೂರಿನ ವಿಷಯ ಇಷ್ಟೇ. ಯಾರು ಏನನ್ನು ಕೂಗಿ ಹೇಳಿದರೂ ಬೆಟ್ಟ ಅದನ್ನು ಇಟ್ಟುಕೊಂಡು, ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ದನಿಯಲ್ಲಿ ಊರಿಗೆಲ್ಲ ಕೇಳುವಂತೆ ವಾಪಸು ಕೊಡುತ್ತದೆ. ಮೆಲ್ಲಗೆ ಆಡಿದ್ದನ್ನು ಮುಟ್ಟುವುದಿಲ್ಲ. ನಾಯಿ ಬೊಗಳಿದ್ದು, ಡೊಳ್ಳು ಬಡಿದದ್ದು ಅದಕ್ಕೆ ಬೇಡ. ಹಾಗಾಗಿ ಇಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುವಾಗ ತಾಟು ಬಡಿಯುತ್ತಾರೆ, ಒಂದೊಂದು ಮನೆಗೆ ಒಂದೊಂದು ಬಡಿತ. ಸಂತೆಯಲ್ಲಿ ಬದನೆಕಾಯಿ ಮಾರುವವಳು ಬದನೆಕಾಯಿಯನ್ನು ಎತ್ತಿ ಹಿಡಿದು ಬೆರಳು ತೋರಿಸುತ್ತಾಳೆ. ಜಗಳವಾದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬುಸುಗುಡುತ್ತಾರೆ, ಆಮೇಲೆ ಇಬ್ಬರೂ ಮುಖದ ಮೇಲಿನ ಎಂಜಲು ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವಂತಿಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಅಳಬೇಕು. ಎಂದಾದರೂ ಯಾರಾದರೂ ತಡೆಯಲಾರದೆ ಕೂಗಿಬಿಟ್ಟರೆ, ಮುಂದಿನ ವಾರ ಆ ದಿನ ಅವರ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿರುತ್ತಾರೆ.

ನಾನು ಹುಟ್ಟಿದ್ದು ಈ ಊರಿನಲ್ಲಲ್ಲ, ಹೊಳೆದಂಡೆಯಲ್ಲಿ. ನಮ್ಮಪ್ಪ ದೋಣಿ ನಡೆಸುತ್ತಿದ್ದ. ಈ ದಡದಿಂದ ಆ ದಡಕ್ಕೆ ಕೂಗದಿದ್ದರೆ ನಮ್ಮಲ್ಲಿ ಉಪ್ಪೂ ಬರುತ್ತಿರಲಿಲ್ಲ, ನೆಂಟರೂ ಬರುತ್ತಿರಲಿಲ್ಲ. ಹಗ್ಗ ಹೊಸೆಯುವ ಅಡಿವೆಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಒಂದು ದಿನ ಬಾಗಿಲಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆದೆ. “ಏನ್ರೀ, ಸಾರು ಆರಾಕತ್ತೇತಿ, ಲಗೂನ ಬರ್ರೀ!” ಇಷ್ಟೇ. ಮುಂದಿನ ವಾರ ಅದೇ ಹೊತ್ತಿಗೆ ಊರಿನ ಹಿರಿಯನೊಬ್ಬನ ಹೆಣ ಮಣ್ಣಿಗೆ ಹೋಗುತ್ತಿತ್ತು. ಬೆಟ್ಟ ನನ್ನ ದನಿಯಲ್ಲಿ ಸಾರು ಆರಾಕತ್ತೇತಿ, ಲಗೂನ ಬರ್ರೀ ಎಂದು ಕರೆಯಿತು. ಹೆಣ ಹೊತ್ತವರು ನಡುದಾರಿಯಲ್ಲಿ ನಿಂತುಬಿಟ್ಟರಂತೆ. ನಮ್ಮತ್ತೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವತ್ತಿನಿಂದ ನನ್ನ ಗಂಟಲಿಗೆ ನಾನೇ ಬೀಗ ಹಾಕಿಕೊಂಡೆ. ಮಗಳು ಹೊನ್ನಿ ಹುಟ್ಟಿದಳು, ದೊಡ್ಡವಳಾದಳು, ಒಂದು ಸಲವೂ ಅವಳನ್ನು ಹೆಸರು ಹಿಡಿದು ಕೂಗಿ ಕರೆಯಲಿಲ್ಲ. ತಾಟು ಬಡಿದೆ.

ಬೆಟ್ಟದ ಆಚೆ ಮಗ್ಗುಲಿನ ಊರಿನವರು ಹತ್ತಲು ತಯಾರಿ ನಡೆಸಿದ್ದಾರೆ ಎಂಬ ಸುದ್ದಿಯನ್ನು ಉಪ್ಪು ಮಾರುವವರು ತಂದರು. ಶುರುವಾಯಿತು ನೋಡಿ. ಎಣ್ಣೆ ಗಾಣದ ಚನ್ನವೀರಪ್ಪನಿಗೆ ಮೈಮೇಲೆ ಬಂದಂತಾಯಿತು. ಬೆಟ್ಟ ನಮ್ಮದು, ಅವರು ಮೊದಲು ಹತ್ತಿದರೆ ನಾವು ಯಾರಿಗೆ ಮುಖ ತೋರಿಸುವುದು ಎಂದು ಮನೆಮನೆಗೆ ಹೋಗಿ ಪಿಸುಗುಟ್ಟಿ, ಒಂದು ಕಮಿಟಿ ಮಾಡಿ, ತಾನೇ ಅದಕ್ಕೆ ಅಧ್ಯಕ್ಷನಾದ. ಚಳಿ ಕಳೆದ ಕೂಡಲೇ ಹತ್ತುವುದು ಎಂದಾಯಿತು. ನನ್ನ ಗಂಡನಿಗೆ ಹಗ್ಗದ ಕೆಲಸ ಬಂತು. ಚಮ್ಮಾರರ ಓಣಿಯಲ್ಲಿ ಕೆರಗಳಿಗೆ ಕಬ್ಬಿಣದ ಮೊಳೆ ಹೊಡೆದರು. ಯಾರೋ ಕಂಬಳಿ ಕೊಟ್ಟರು, ಯಾರೋ ಬೆಲ್ಲ ಕೊಟ್ಟರು. ಹೆಂಗಸರೆಲ್ಲ ಕೂಡಿ ರೊಟ್ಟಿ ತಟ್ಟಿ ಒಣಗಿಸಿದೆವು. ಶೇಂಗಾ ಚಟ್ನಿ ಕುಟ್ಟಿ ಕುಟ್ಟಿ ನನ್ನ ಅಂಗೈ ಸುಲಿದುಹೋಯಿತು.

ಹತ್ತಲು ನಾಲ್ವರನ್ನು ಆರಿಸಿದರು. ಕುರುಬರ ಓಣಿಯ ಅಣ್ಣತಮ್ಮಂದಿರು ಇಬ್ಬರು, ಚನ್ನವೀರಪ್ಪನ ತಂಗಿಯ ಮಗ ಈರಣ್ಣ, ನಮ್ಮ ಹೊನ್ನಿ. ಅವಳನ್ನು ಆರಿಸಿದ್ದರಲ್ಲಿ ಯಾರ ಉಪಕಾರವೂ ಇಲ್ಲ. ಅಪ್ಪನಿಗೆ ಕತ್ತಾಳೆ ಕೊಯ್ದು ತರಲು ಚಿಕ್ಕಂದಿನಿಂದ ಬಂಡೆ ಹತ್ತಿದವಳು, ಊರಿನ ಯಾವ ಗಂಡಸಿಗಿಂತಲೂ ಚೆನ್ನಾಗಿ ಹತ್ತುತ್ತಿದ್ದಳು. ನಾನು ಬೇಡ ಎಂದೆ ಅಂದುಕೊಳ್ಳಬೇಡಿ. ನನಗೆ ಅವಳಿಗಿಂತ ಹೆಚ್ಚು ಆಸೆ ಇತ್ತು. ಇಷ್ಟು ವರ್ಷ ನನ್ನ ಬಾಯಿ ಕಟ್ಟಿದ ಆ ಬೆಟ್ಟದ ನೆತ್ತಿಯ ಮೇಲೆ ನನ್ನ ಮಗಳು ಕಾಲಿಟ್ಟು ನಿಲ್ಲಬೇಕು ಎಂದು ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನೂರು ಸಲ ಅಂದುಕೊಂಡಿದ್ದೇನೆ. ಆದರೆ ಅವಳು ಇಳಿದು ಬರಬೇಕಲ್ಲ!

ಗಾಣದ ಅಂಗಳದಲ್ಲಿ ಕಮಿಟಿ ಕೂತ ದಿನ ನಾನೂ ಹೋಗಿ ಗೋಡೆ ಪಕ್ಕ ನಿಂತೆ. ಹಗ್ಗದಲ್ಲಿ ನಾಲ್ವರೂ ಒಬ್ಬರಿಂದೊಬ್ಬರು ದೂರ ಇರುತ್ತಾರೆ, ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಹೇಗೆ ಎಂಬ ಮಾತು ಬಂತು. ಕೈಸನ್ನೆ ಎಂದರು. ಮೇಲೆ ಬರೀ ಮಂಜು ಎಂದು ನಾನು ನೆನಪಿಸಿದೆ. ಹಾಗಾದರೆ ಹಗ್ಗ ಜಗ್ಗುವುದು ಎಂದ ಚನ್ನವೀರಪ್ಪ. ಒಂದು ಸಲ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಬಾ, ಮೂರು ಸಲ ಜಗ್ಗಿದರೆ ಹಗ್ಗ ಸಡಿಲು ಬಿಡು. ಎಲ್ಲರೂ ಭಲೇ ಎಂದು ತಲೆ ಆಡಿಸಿದರು.

“ಮ್ಯಾಲಿಂದ ಕಲ್ಲು ಉರುಳಿತು ಅಂದ್ರ ಎಷ್ಟ ಸಲ ಜಗ್ಗೂದ್ರಿ?” ಎಂದೆ.

ಚನ್ನವೀರಪ್ಪ ಸ್ವಲ್ಪ ಯೋಚನೆ ಮಾಡಿದ. “ನಾಕ ಸಲ.”

“ನೀವು ನಾಕ ಸಲ ಜಗ್ಗೂತನಾ ಕಲ್ಲು ಕುಂತಿರತೈತೇನ್ರಿ, ಎಲಿ ಅಡಿಕಿ ಹಾಕ್ಕೋಂತ?”

ಯಾರೋ ಕಿಸಕ್ಕೆಂದರು. ಚನ್ನವೀರಪ್ಪನ ಮುಖ ಬಿಗಿಯಿತು. “ಕಾಶವ್ವ, ರೊಟ್ಟಿ ಕೆಲಸ ನಿಮ್ದು, ಹಗ್ಗದ ಕೆಲಸ ನಮ್ದು” ಎಂದು ಪಿಸುಗುಟ್ಟಿ ಮುಂದಿನ ಮಾತಿಗೆ ಹೋದ. ಹಗ್ಗ ಹೊಸೆದವನು ನನ್ನ ಗಂಡ, ಅದಕ್ಕೆ ನಾರು ತಂದವಳು ನನ್ನ ಮಗಳು. ಇವನದು ಯಾವ ಹಗ್ಗದ ಕೆಲಸ? ಆದರೂ ಅಡಿವೆಪ್ಪ ನನ್ನ ಸೆರಗು ಹಿಡಿದು ಜಗ್ಗಿದ. ಒಂದು ಸಲ ಜಗ್ಗಿದ. ನಿಲ್ಲು ಎಂದು ಅರ್ಥ.

ಊರ ಹಿಂದಿನ ಹಳೇ ಕಲ್ಲುಗಣಿಯಲ್ಲಿ ಹತ್ತುವ ಅಭ್ಯಾಸ ಶುರುವಾಯಿತು. ಒಂದು ಗುರುವಾರ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮೇಲೆ ಈರಣ್ಣ, ಅವನ ಕೆಳಗೆ ಹೊನ್ನಿ. ಈರಣ್ಣನ ಕಾಲಡಿಯಿಂದ ರುಬ್ಬುಗುಂಡಿನಷ್ಟು ದೊಡ್ಡ ಕಲ್ಲು ಜಾರಿತು. ಅವನು ನೋಡಿದ. ನೋಡಿ ಏನು ಮಾಡಿದ ಗೊತ್ತೇ? ಕೆಳಕ್ಕೆ ಬಾಗಿ, ದೊಡ್ಡವರ ಎದುರು ಮಾತಾಡುವಾಗ ಮಾಡುವಂತೆ ಬಾಯಿಗೆ ಕೈ ಅಡ್ಡ ಹಿಡಿದು, “ಹೊನ್ನಕ್ಕಾ, ಕಲ್ಲು ಬರಾಕತ್ತೇತ್ರಿ” ಎಂದ. ಪಿಸುಮಾತಿನಲ್ಲಿ. ಬಹುವಚನದಲ್ಲಿ! ಆಮೇಲೆ ಅವನೇ ನಮ್ಮ ಮನೆಗೆ ಬಂದು ಅಳುತ್ತಾ ಹೇಳಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಅದು ಯಾರಿಗೆ ಕೇಳಬೇಕು? ನಾನು ಕೆಳಗಿದ್ದೆ, ಕಲ್ಲು ನನಗೂ ಕಂಡಿತು. ಬಾಯಿ ತೆರೆದೆ. ಹೊಳೆಯ ಆಚೆ ದಡಕ್ಕೆ ಮುಟ್ಟುತ್ತಿದ್ದ ಗಂಟಲು ನನ್ನದು, ಅದರಿಂದ ಬರೀ ಗಾಳಿ ಬಂತು. ನನ್ನ ದನಿಯನ್ನೂ ಈ ಊರು ತಿಂದು ನೀರು ಕುಡಿದಿತ್ತು.

ಕಲ್ಲು ಹೊನ್ನಿಯ ಹೆಗಲಿಗೆ ಬಡಿಯಿತು. ಗೇಣು ಈಚೆ ಬಿದ್ದಿದ್ದರೆ ತಲೆಯೇ. ಅವಳು ಹಗ್ಗದಲ್ಲಿ ಜೋತುಬಿದ್ದಳು, ನೋವಿಗೆ ತುಟಿ ಕಚ್ಚಿಕೊಂಡಳೇ ಹೊರತು ಅವಳೂ ಕಿರುಚಲಿಲ್ಲ. ಇಳಿಸಿಕೊಂಡು ನೆಲದ ಮೇಲೆ ಮಲಗಿಸಿದಾಗ ಚನ್ನವೀರಪ್ಪ ಬಂದು ಬಗ್ಗಿ ನೋಡಿ, “ಭಾಳೇನಿಲ್ಲ, ಭಾಳೇನಿಲ್ಲ” ಎಂದ. ಆಗ ಹೊರಟಿತು ನೋಡಿ ನನ್ನ ದನಿ. ಬೇಕಾದಾಗ ಬರಲಿಲ್ಲ, ಮುಂಡೇದು, ಆಗ ಬಂತು.

“ಏ ಚನ್ನವೀರಪ್ಪಾ! ನಿನ್ನ ಗಾಣಕ್ಕ ಬೆಂಕಿ ಹತ್ಲಿ! ನಿನ್ನ ಕಮಿಟಿ ಹಾಳ ಬಾವ್ಯಾಗ ಬೀಳ್ಲಿ! ಕಲ್ಲು ಬಂತು ಅಂತ ಒದರಾಕ ಬರೂದಿಲ್ಲ, ಬೆಟ್ಟಾ ಹತ್ತತಾರಂತ, ಬೆಟ್ಟಾ! ಬಾಯಿ ಸತ್ತ ಹೇಡಿಗೋಳ!”

ಗಣಿಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡು ಕೂತರು. ಬಿದ್ದಿದ್ದ ಹೊನ್ನಿ ಕಣ್ಣು ತೆರೆದು ನನ್ನನ್ನೇ ನೋಡಿದಳು. ಹುಟ್ಟಿದಂದಿನಿಂದ ಅವಳು ಅವ್ವ ಕೂಗುವ ದನಿಯನ್ನು ಕೇಳಿದ್ದು ಅದೇ ಮೊದಲು. “ಯವ್ವಾ, ಮುಂದಿನ ಗುರುವಾರ ಹಗ್ಗದ ಪೂಜಿ ಐತಿ” ಎಂದಳು ಮೆಲ್ಲಗೆ. ಹೆಗಲು ಮುರಿದುಕೊಂಡು ಬಿದ್ದವಳಿಗೆ ಅದರ ಚಿಂತೆ!

ಪೂಜೆಯ ದಿನ, ಕೂಗಿದವರ ಮನೆಯವರೆಲ್ಲ ಮಾಡುವಂತೆ, ನಾವೂ ಬಾಗಿಲು ಹಾಕಿಕೊಂಡು ಕೂರಬೇಕಿತ್ತು. ನಾನು ಕೂರಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟು ಹೋಗಿ ಮುಂದೆಯೇ ನಿಂತೆ. ಚನ್ನವೀರಪ್ಪ ಹಗ್ಗಕ್ಕೆ ಕುಂಕುಮ ಹಚ್ಚುತ್ತಿದ್ದ ಹೊತ್ತಿಗೆ ಬೆಟ್ಟ ಶುರುಮಾಡಿತು. ಏ ಚನ್ನವೀರಪ್ಪಾ, ನಿನ್ನ ಗಾಣಕ್ಕ ಬೆಂಕಿ ಹತ್ಲಿ! ಒಂದಕ್ಷರ ಬಿಡದೆ ಹೇಳಿತು. ಜನ ಎಲ್ಲ ತಂತಮ್ಮ ಹೆಬ್ಬೆರಳು ನೋಡುತ್ತಾ ನಿಂತಿದ್ದರು. ಚನ್ನವೀರಪ್ಪ ಕುಂಕುಮದ ಬಟ್ಟಲು ಕೆಳಗಿಟ್ಟ, ಮತ್ತೆ ಎತ್ತಿದ, ಮತ್ತೆ ಇಟ್ಟ. ನನಗೆ ಹೊಟ್ಟೆ ತಣ್ಣಗಾಯಿತು ಎಂದು ಸುಳ್ಳು ಹೇಳಲಾರೆ. ಸಿಟ್ಟು ಇನ್ನೂ ಹೆಚ್ಚಾಯಿತು, ಯಾಕೆಂದರೆ ಪೂಜೆ ಮುಗಿದ ಮೇಲೆ ನನ್ನ ಬೈಗುಳದ ಬಗ್ಗೆ ಊರೆಲ್ಲ ಗುಸುಗುಸು ನಡೆಯಿತು. ಹೊನ್ನಿಯ ಹೆಗಲಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಊರ ಹೆಂಗಸರಲ್ಲಿ ಒಬ್ಬಳು ಮಾತ್ರ ಬಂದಳು. ಈರಣ್ಣನ ಅವ್ವ ಬಾಳವ್ವ, ಚನ್ನವೀರಪ್ಪನ ತಂಗಿ. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲೇ ಇದ್ದು ದುಡಿದು ಉಣ್ಣುವವಳು, ಇದ್ದಾಳೋ ಇಲ್ಲವೋ ತಿಳಿಯದಷ್ಟು ಮೆತ್ತಗಿನ ಹೆಂಗಸು. ಒಂದು ಬಟ್ಟಲಲ್ಲಿ ಅರಿಸಿನ ಹಾಕಿ ಕಾಸಿದ ಎಣ್ಣೆ ತಂದು ಹೊನ್ನಿಯ ಹೆಗಲಿಗೆ ಹಚ್ಚಿದಳು.

“ನನ್ನ ಮಗಗ ಸಿಟ್ಟಾಗಬ್ಯಾಡ್ರಿ ಅಕ್ಕಾರ” ಎಂದಳು ಹಚ್ಚುತ್ತಲೇ. “ಅಂವಗ ದನೀನ ಇಲ್ಲ. ಸಣ್ಣಾಂವ ಇದ್ದಾಗ ಅತ್ತರ ನಮ್ಮಣ್ಣ ಬಾಯಾಗ ಅರಿವಿ ತುರಕತಿದ್ದ. ನಾ ನೋಡ್ಕೋಂತ ನಿಂದರತಿದ್ದೆ.”

ಅವಳಿಗೆ ಒಂದು ಲೋಟ ಚಹಾ ಮಾಡಿಕೊಟ್ಟೆ.

ಹೆಗಲು ಕೂಡಿಕೊಳ್ಳುವವರೆಗೆ ಹತ್ತುವುದನ್ನು ಮುಂದಕ್ಕೆ ಹಾಕಿದರು. ಕರುಣೆಯಿಂದಲ್ಲ, ಹೊನ್ನಿಯ ಹಾಗೆ ಬಂಡೆ ಹತ್ತುವವರು ಬೇರೆ ಯಾರೂ ಸಿಗಲಿಲ್ಲ. ಆ ದಿನಗಳಲ್ಲಿ ನಾನು ಗಾಣಕ್ಕೆ ಹೋಗಿ ಚನ್ನವೀರಪ್ಪನಿಗೆ ನೆಟ್ಟಗೆ ಹೇಳಿದೆ: ನಾಲ್ವರಿಗೂ ಕೂಗಲು ಕಲಿಸುತ್ತೇನೆ, ದಿನಾ ಗಣಿಗೆ ಕಳಿಸು, ಮುಂದಿನ ವಾರ ಬೆಟ್ಟ ಏನು ಹೇಳುತ್ತದೋ ಹೇಳಲಿ, ಊರು ಒಂದಿಷ್ಟು ದಿನ ಕಿವಿಗೆ ಹತ್ತಿ ಇಟ್ಟುಕೊಳ್ಳಲಿ.

“ಊರಿನ ರೀತಿ ಕೆಡಿಸಿ ಬೆಟ್ಟಾ ಹತ್ತೂದಾದ್ರ ಹತ್ತಿ ಏನ ಉಪಯೋಗ?” ಎಂದ ಅವನು. “ನಮ್ಮ ಹಿರ್ಯಾರು ಎಂದಾದ್ರೂ ಒದರಿದ್ರೇನು? ಮರ್ಯಾದಿಲೆ ಬದುಕಿದ್ರು.”

“ನಿಮ್ಮ ಹಿರ್ಯಾರು ಬೆಟ್ಟಾ ಹತ್ತಲಿಲ್ರಿ. ಕೆಳಗ ಕುಂತು ಎಣ್ಣಿ ತಗದ್ರು.”

“ನಿನ್ನ ಮಗಳನ್ನ ಕಳಸೂದಿಲ್ಲಾದ್ರ ಬಿಡು. ಆದ್ರ ಆಕೀನ ಕೇಳಿ ನೋಡು, ಬಿಡತಾಳೇನು ಅಂತ.”

ಅದೇ ಅವನ ಧೈರ್ಯ. ಹೊನ್ನಿ ಬಿಡುವವಳಲ್ಲ ಎಂದು ಅವನಿಗೂ ಗೊತ್ತಿತ್ತು. ನಾನು ಮನೆಗೆ ಬಂದು ಮಗಳನ್ನು ಗಣಿಗೆ ಎಳೆದುಕೊಂಡು ಹೋದೆ. ಎದುರು ಬಂಡೆಯ ಹತ್ತಿರ ನಿಲ್ಲಿಸಿ, ಕೂಗು ಎಂದೆ. ಬಾಯಿ ತೆರೆದಳು, ಉಸಿರು ಬಂತು. ಹೊಟ್ಟೆಯಿಂದ ಕೂಗು ಎಂದೆ. ಹೊಟ್ಟೆ ಉಬ್ಬಿಸಿದಳು, ಕೆಮ್ಮು ಬಂತು. ದಿನಾ ಕರೆದುಕೊಂಡು ಹೋದೆ. ಹೆಗಲು ನೆಟ್ಟಗಾಯಿತು, ದನಿ ಮಾತ್ರ ಹುಟ್ಟಲಿಲ್ಲ. ಒಂದು ದಿನ ಬಂಡೆಯ ಮೇಲೆ ಕೂತುಬಿಟ್ಟಳು.

“ನನ್ನ ಕೈಲೆ ಆಗೂದಿಲ್ಲಬೇ. ನಾಚಿಕಿ ಬರತೈತಿ. ಮಂದಿ ಏನಂತಾರ?”

“ನೀ ಸತ್ತ ಮ್ಯಾಲ ಮಂದಿ ಏನೂ ಅನ್ನೂದಿಲ್ಲ, ಉಣ್ಣಾಕ ಬರ್ತಾರ.”

“ಆವತ್ತ ಕಲ್ಲು ಬರೂವಾಗ ನೀನೂ ಒದರಲಿಲ್ಲಲ್ಲ!” ಎಂದಳು. ಪಿಸುಮಾತಿನಲ್ಲೇ ಎಂದಳು, ಆದರೆ ನನ್ನ ಎದೆಗೆ ಬಂದು ಹೊಡೆಯಿತು. ಎದ್ದು ಮನೆಗೆ ನಡೆದಳು. ಅಡಿವೆಪ್ಪ ಅಂಗಳದಲ್ಲಿ ಹಗ್ಗ ಎಳೆದು ನೋಡುತ್ತಿದ್ದ. “ಹಗ್ಗ ಗಟ್ಟಿ ಐತಿ, ಹೆದರಬ್ಯಾಡ” ಎಂದ ನನಗೆ ಸಮಾಧಾನ ಮಾಡಲು. ಆ ಹಗ್ಗದಿಂದಲೇ ಅವನಿಗೆ ನಾಲ್ಕು ಬಾರಿಸೋಣವೆನಿಸಿತು. ಹಗ್ಗ ಗಟ್ಟಿಯಿದ್ದು ಏನು ಮಾಡುವುದು? ಹೆಣವನ್ನೂ ಅದು ಗಟ್ಟಿಯಾಗಿಯೇ ಹಿಡಿದಿರುತ್ತದೆ.

ಹತ್ತುವ ದಿನ ಬಂತು, ಸೋಮವಾರ. ಹಿಂದಿನ ದಿನ ಕಮಿಟಿಯವರಿಗೆ ಹೊಸ ವಿಚಾರವೊಂದು ಹೊಳೆದಿತ್ತು. ಮೊದಲ ಸಲ ಹತ್ತುವವರ ಸೊಂಟಕ್ಕೆ ಅವರವರ ಅವ್ವಂದಿರೇ ಹಗ್ಗ ಕಟ್ಟಬೇಕು, ಅದು ಶುಭ, ನೋಡಲಿಕ್ಕೂ ಚೆಂದ ಎಂದು. ಗಣಿಯಲ್ಲಿ ಆದದ್ದನ್ನು ಊರು ಮರೆಯಲಿ ಎಂದು ಚನ್ನವೀರಪ್ಪ ಹೂಡಿದ ಆಟ ಅದು. ನಾನು ಎಲ್ಲರೆದುರು ಮಗಳಿಗೆ ಹಗ್ಗ ಕಟ್ಟಿದರೆ ರಾಜಿಯಾದಂತೆ. ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇಡೀ ಊರು ಸೇರಿತ್ತು, ಆದರೂ ಸದ್ದಿಲ್ಲ. ಮಂಜು ನಮ್ಮ ತಲೆಯ ಮೇಲೇ ಇತ್ತು. ಅದರೊಳಗೆ ಬಂಡೆ ಎಲ್ಲಿ ಶುರು, ಎಲ್ಲಿ ಕೊನೆ, ಏನೂ ಕಾಣುತ್ತಿರಲಿಲ್ಲ.

ಮೊದಲು ನಮ್ಮನ್ನೇ ಕರೆದರು. ಹೊನ್ನಿ ಬಂದು ನನ್ನೆದುರು ನಿಂತಳು, ಮೊಳೆ ಹೊಡೆದ ಕೆರ, ಕಂಬಳಿ, ಬೆನ್ನಿಗೆ ರೊಟ್ಟಿಯ ಗಂಟು. ಎಷ್ಟು ಚೆಂದ ಕಾಣುತ್ತಿದ್ದಳು ಎಂದರೆ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು. ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, “ಕಟ್ಟಬೇ ಯವ್ವಾ” ಎಂದಳು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ನನ್ನ ಕೈ ಮುಂದೆ ಹೋಗಲಿಲ್ಲ. “ಕೇಳಲಿಲ್ಲ” ಎಂದೆ. ಜೋರಾಗಿಯೇ ಎಂದೆ. ಹಿಂದೆ ನಿಂತಿದ್ದವರು ಬೆಚ್ಚಿ ಒಂದು ಹೆಜ್ಜೆ ಸರಿದರು.

ಹೊನ್ನಿಯ ಮುಖ ಕೆಂಪಗಾಯಿತು. ಹತ್ತಿರ ಬಂದು, ಕಿವಿಯ ಬುಡದಲ್ಲಿ, “ಕಟ್ಟಬೇ, ಮಂದಿ ನೋಡಾಕತ್ತಾರ” ಎಂದಳು.

“ಕೇಳಲಿಲ್ಲ!”

ಚನ್ನವೀರಪ್ಪ ಮುಂದೆ ಬಂದ. “ಕಾಶವ್ವ, ಏನಿದು ಹುಚ್ಚಾಟ? ಅಡಿವೆಪ್ಪಾ, ನಿನ್ನ ಹೆಂಡತಿಗೆ ಹೇಳು.” ಅಡಿವೆಪ್ಪ ನನ್ನ ಮುಖ ನೋಡಿದ, ಮಗಳ ಮುಖ ನೋಡಿದ. ಆಮೇಲೆ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಕೆಳಗೆ ಕೂತು ತನ್ನ ಕೆರದ ಉಂಗುಷ್ಠ ಸರಿಮಾಡಿಕೊಳ್ಳತೊಡಗಿದ.

“ಕಟ್ಟಬೇ!” ಈಗ ಸ್ವಲ್ಪ ದನಿ ಬಂತು, ಒಡಕು ದನಿ.

“ಇಷ್ಟು ಹತ್ತರ ನಿಂತಾಕಿಗೇ ಕೇಳಲಿಲ್ಲ. ಮಂಜಿನ್ಯಾಗ, ಹಗ್ಗದ ಆ ತುದ್ಯಾಗಿದ್ದಾಂವಗ ಹೆಂಗ ಕೇಳತೈತಿ? ಕೇಳಲಿಲ್ಲ!”

ಹೊನ್ನಿಯ ಮೂಗಿನ ಹೊಳ್ಳೆಗಳು ಅರಳಿದವು. ಕುತ್ತಿಗೆಯ ನರ ಉಬ್ಬಿತು. ನನ್ನನ್ನು ಕೊಂದುಹಾಕುವ ಹಾಗೆ ನೋಡಿದಳು. ನೋಡಿ, ಬಾಯಿ ತೆರೆದಳು.

“ಕಿವುಡಿ ಆಗಿಯೇನಬೇ ಯವ್ವಾ? ಕಟ್ಟಂದ್ರ ಕಟ್ಟ! ನಾ ಹೋಗಾಕಿ! ಹತ್ತಿ ಬರಾಕಿ!”

ಎಂಥ ದನಿ ಅಂತೀರಿ! ನಮ್ಮಪ್ಪನ ದನಿ. ಹೊಳೆ ತುಂಬಿದಾಗ ಆಚೆ ದಡದವರನ್ನು ನಿಲ್ಲಿಸುತ್ತಿದ್ದ ದನಿ. ಎಳೆ ಮಕ್ಕಳು ಅವ್ವಂದಿರ ಕಂಕುಳಲ್ಲಿ ಮುಖ ಮುಚ್ಚಿಕೊಂಡವು. ಹೊನ್ನಿ ತನ್ನ ದನಿಗೆ ತಾನೇ ಹೆದರಿದಳು, ಆಮೇಲೆ ಅವಳ ಮುಖ ಬೇರೆಯೇ ಆಯಿತು. ನಾನು ಅಳುತ್ತಿದ್ದೆ, ಅವಳನ್ನು ಬಯ್ಯುತ್ತಿದ್ದೆ, ಹಗ್ಗ ಕಟ್ಟುತ್ತಿದ್ದೆ, ಮೂರೂ ಒಟ್ಟಿಗೆ. ಒಂದು ಗಂಟು ಹಾಕಿ ಅದರ ಮೇಲೆ ಇನ್ನೊಂದು ಹಾಕಿದೆ.

“ಮುಂದಿನ ಸೋಮವಾರ ಇದೆಲ್ಲಾ ವಾಪಸ್ ಬರತೈತಿ, ಗೊತ್ತೈತಿಲ್ಲ?” ಎಂದು ಚನ್ನವೀರಪ್ಪ ನನ್ನ ಕಿವಿಯಲ್ಲಿ ಬುಸುಗುಟ್ಟಿದ.

“ಬರ್ಲಿ!” ಎಂದೆ, ಊರಿಗೆಲ್ಲ ಕೇಳುವಂತೆ. “ನನ್ನ ಮಗಳ ದನಿ, ನಾ ಕುಂತು ಕೇಳತೀನಿ. ಬೇಕಂದ್ರ ನಿನ್ನ ಗಾಣದ ಅಂಗಳದಾಗನ ಬಂದು ಕುಂದರತೀನಿ.”

ಅವನಿಗೆ ಬೇಗ ಮುಗಿಸಿದರೆ ಸಾಕಾಗಿತ್ತು. ಮುಂದಿನವರು ಬರಲಿ ಎಂದು ಕೈ ಬೀಸಿದ. ಮುಂದಿನವನು ಅವನ ಸೋದರಳಿಯ ಈರಣ್ಣ. ಈರಣ್ಣ ತಲೆ ತಗ್ಗಿಸಿಕೊಂಡು ಬಂದು ಅವ್ವನ ಕೈಗೆ ಹಗ್ಗ ಕೊಟ್ಟ. ಏನೋ ಅಂದ. ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ಬಾಳವ್ವ ಹಗ್ಗ ಹಿಡಿದು ಅಣ್ಣನ ಕಡೆ ನೋಡಿದಳು. ಚನ್ನವೀರಪ್ಪ ಲಗೂ ಕಟ್ಟು ಎಂದು ಕಣ್ಣಲ್ಲೇ ಗದರಿಸಿದ. ಬಾಳವ್ವ ಮಗನ ಸೊಂಟದವರೆಗೆ ತಂದ ಹಗ್ಗವನ್ನು ಹಿಂದಕ್ಕೆ ಎಳೆದುಕೊಂಡಳು.

“ನನಗೂ ಕೇಳಲಿಲ್ಲಪಾ” ಎಂದಳು, ಹಗ್ಗವನ್ನು ಉಡಿಯಲ್ಲಿ ಹಾಕಿಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು.